ಗೊಯ್ದ ತಂದ ಹೆಸರು

ಕಡಲಿಗೆ ಕಾಲು ಚಾಚಿ ಮಲಗಿದ ಹಾಗಿದ್ದ ಒಂದು ಬಂದರು. ಅಲ್ಲಿ ಬೀರಮ್ಮ, ಅವಳ ಮಗ ಗೊಯ್ದ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. "ದೇವರೇ, ಇವನನ್ನ ಹೆತ್ತೆನೋ, ಹೊತ್ತ ಕನಸಿಗೆ ಕೈಕಾಲು ಬಂದವೋ!" ಅಂತ ಬೀರಮ್ಮ ದಿನಾ ಹಣೆ ಚಚ್ಚಿಕೊಳ್ಳುವಳು.

ಗೊಯ್ದನ ಅಕ್ಕ ಹೊನ್ನಿ ಬಾಣಂತನಕ್ಕೆ ಬಂದಿದ್ದಳು. ಗಂಡುಮಗು. ಮೊದಲೆರಡು ಕೂಸುಗಳು ಹೆಸರಿಟ್ಟ ತಿಂಗಳಲ್ಲೇ ಹೋಗಿದ್ದವು. ಈ ಸಲ ಹೊನ್ನಿ ತೊಟ್ಟಿಲ ಹಗ್ಗ ಬಿಟ್ಟು ಏಳುತ್ತಿರಲಿಲ್ಲ.

"ನಮ್ಮ ಕಡೆ ಹೆಸರೆಲ್ಲ ಆ ಯಮದೂತನಿಗೆ ಬಾಯಿಪಾಠ ಕಣೋ" ಅಂದಳು ಬೀರಮ್ಮ. "ದೂರದವರ ಹೆಸರು ಬೇಕು. ಬಂದರಿಗೆ ಹೋಗು, ಹೆಸರೇನು ಅಂತ ಕೇಳು, ಬಾಯಿಂದ ಬಂದದ್ದನ್ನ ತಗೊಂಡು ಬಾ!"

"ಆಗ್ಲವ್ವಾ!" ಅಂತ ಗೊಯ್ದ ಹೊರಟ.

ಹಡಗಿನ ನೆರಳಲ್ಲಿ ಒಬ್ಬ ಅರಬ ನಾವಿಕ ತೂಕಡಿಸುತ್ತಿದ್ದ. "ಹೆಸರೇನು?" ಅಂದ ಗೊಯ್ದ. ನಾವಿಕ ಕಣ್ಣು ಬಿಟ್ಟ, ಮೂಗು ಅರಳಿಸಿದ. "ಆಕ್ಷೀ!" ಅಂದ.

ಗೊಯ್ದ ಓಡೋಡಿ ಬಂದ. "ಅವ್ವಾ, ಆಕ್ಷೀ!"

"ಅಯ್ಯೋ ಪೆದ್ದೇ! ಅದು ಸೀನೋ! ಅವರಿಗೆ ನಮ್ಮ ಮಾತು ತಿಳಿಯೋದಿಲ್ಲ. ಎದೆ ಮೇಲೆ ಬೆರಳಿಟ್ಟು 'ಇದೇನು' ಅಂತ ಕೇಳಬೇಕು!"

"ಆಗ್ಲವ್ವಾ!"

ಈ ಸಲ ಸಿಕ್ಕಿದವನು ಮುಂಡಗೋಡದ ಟಿಬೇಟಿನವ. ಆ ಧಗೆಯಲ್ಲಿ ಉಣ್ಣೆಬಟ್ಟೆ ಮಾರಲು ಕೂತಿದ್ದ, ತಾನೂ ಒಂದು ತೊಟ್ಟಿದ್ದ. ಗೊಯ್ದ ಅವನ ಎದೆ ಮೇಲೆ ಬೆರಳಿಟ್ಟ. "ಇದೇನು?"

"ಸ್ವೆಟರ್" ಅಂದ ಅವನು, ನಕ್ಕು.

"ಅವ್ವಾ, ಸ್ವೆಟರ್!"

"ನಿನ್ನ ತಲೆ! ಮೊಮ್ಮಗನನ್ನ ಸ್ವೆಟರ್ ಅಂತ ಕರೀಲೇನೋ? ತೊಟ್ಟದ್ದನ್ನ ಯಾಕೆ ಕೇಳಿದೆ? ತೊಟ್ಟಿಲಲ್ಲಿದ್ದಾಗ ಅವರವ್ವ ಏನಂತಿದ್ದಳು, ಅದನ್ನ ಕೇಳು!"

"ಆಗ್ಲವ್ವಾ!"

ಯಲ್ಲಾಪುರದ ಕಾಡಿನಿಂದ ಜೇನು ತಂದಿದ್ದ ಒಬ್ಬ ಸಿದ್ದಿ ಮುದುಕ. "ಅಜ್ಜಾ, ನೀ ತೊಟ್ಟಿಲಲ್ಲಿದ್ದಾಗ ನಿಮ್ಮವ್ವ ಏನಂತಿದ್ದಳು?"

ಮುದುಕ ಕೊಡ ಕೆಳಗಿಟ್ಟ. ಆಮೇಲೆ ಕಣ್ಣು ಮುಚ್ಚಿ "ಊಂ... ಊಂ..." ಅಂತ ಗುನುಗಿದ. ಕೇಳುತ್ತ ಕೇಳುತ್ತ ಗೊಯ್ದ ಅವನ ಹೆಗಲಿಗೇ ಒರಗಿದ. ಕಡಲೆಲ್ಲ ಒಂದು ತೊಟ್ಟಿಲು, ಯಾರೋ ತೂಗುತ್ತಿದ್ದಾರೆ, ಹಡಗುಗಳೆಲ್ಲ ನಿದ್ದೆಗಣ್ಣಲ್ಲಿವೆ. ಹಾಗೇ ಕಣ್ಣುಜ್ಜುತ್ತ ಮನೆಗೆ ಬಂದ.

"ಊಂ, ಅವ್ವಾ."

"ಊಂ? ಬರೀ ಊಂ? ಉಳಿದದ್ದನ್ನ ಯಾರಿಗೆ ಕೊಟ್ಟು ಬಂದೆ?" ಬೀರಮ್ಮ ಪೊರಕೆ ಎತ್ತಿದಳು. "ಸಂಜೆಗೆ ಹೆಸರಿಡಬೇಕು! ಪೂರ್ತಿ ಹೆಸರು ತಾ! ದಾರಿಯಲ್ಲಿ ಬಾಯಿ ಬಿಡಬೇಡ, ಆ ದೂತ ಕಿವಿಗೊಟ್ಟಿರ್ತಾನೆ! ನೆಟ್ಟಗೆ ಬಂದು ಕೂಸಿನ ಕಿವಿಗೆ ಕೊಡು! ಪೂರ್ತಿ ಕೊಡು! ನಿನ್ನ ಹತ್ತಿರ ಒಂದು ಚೂರೂ ಇಟ್ಟುಕೋಬೇಡ!"

"ಆಗ್ಲವ್ವಾ!"

ಹೊತ್ತು ಇಳಿಯುತ್ತಿತ್ತು. ಬಂದರಿನಲ್ಲಿ ನಾವಿಕ, ಸ್ವೆಟರಿನವ, ಮುದುಕ ಮೂವರೂ ಒಂದೇ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದರು. "ನಮ್ಮಕ್ಕನ ಕೂಸು ಬದುಕಬೇಕು, ಒಂದು ಹೆಸರು ಕೊಡಿ" ಅಂದ ಗೊಯ್ದ. ನಾವಿಕನಿಗೂ ತಿಳಿಯಲೆಂದು ಎರಡು ಕೈ ಜೋಡಿಸಿ ತೂಗಿ ತೋರಿಸಿದ. ನಾವಿಕನ ಮುಖ ಮೆತ್ತಗಾಯಿತು. ಅವನು ಒಂದು ಹೆಸರು ಹೇಳಿದ. ಸ್ವೆಟರಿನವನೊಂದು ಹೇಳಿದ. ಮುದುಕನೊಂದು ಹೇಳಿದ. ಗೊಯ್ದ ಮೂರನ್ನೂ ಪೋಣಿಸಿ ಬಾಯೊಳಗಿಟ್ಟು ತುಟಿ ಮುಚ್ಚಿದ. ತುಂಬಿದ ಕೊಡ ಹೊತ್ತವನ ಹಾಗೆ ಮೆಲ್ಲಗೆ ನಡೆದ. "ಎಲ್ಲಿಗೋ ಗೊಯ್ದ?" ಅಂದವರಿಗೆ ಮುಚ್ಚಿದ ತುಟಿಯನ್ನ ಬೆರಳಲ್ಲಿ ತೋರಿಸಿ ಮುಂದೆ ಹೋದ.

ಮನೆಗೆ ಬಂದವನೇ ತೊಟ್ಟಿಲೊಳಗೆ ತಲೆ ಇಟ್ಟ. ಕೂಸಿನ ಕಿವಿಯಲ್ಲಿ ಪಿಸುಗುಟ್ಟಿದ. ಪೂರ್ತಿ. ಕೂಸು ಕಣ್ಣರಳಿಸಿ ನಕ್ಕಿತು.

"ಏನೋ ಹೆಸರು?" ಹೊನ್ನಿ ಕೇಳಿದಳು.

"ನನ್ನ ಹತ್ತಿರ ಇಲ್ಲಕ್ಕಾ. ಅವನಿಗೆ ಕೊಟ್ಟೆ."

"ಕೊಟ್ಟೆ ಸರಿ, ಏನಂತ ಕೊಟ್ಟೆ?"

"ಪೂರ್ತಿ ಕೊಟ್ಟೆ! ಒಂದು ಚೂರೂ ಇಟ್ಟುಕೊಂಡಿಲ್ಲ! ಬೇಕಾದ್ರೆ ನೋಡು!" ಅಂತ ಬಾಯಿ ಆ ಮಾಡಿ ತೋರಿಸಿದ.

ಬೀರಮ್ಮ ಬಂದರಿಗೆ ಓಡಿದಳು. ಹಡಗಿನ ಹಾಯಿ ಆಗಲೇ ಉಗುರಿನಷ್ಟಾಗಿತ್ತು. ಸ್ವೆಟರಿನವ ಬಸ್ಸು ಹತ್ತಿದ್ದ. ಮುದುಕ ಕಾಡಿನ ದಾರಿ ಹಿಡಿದಿದ್ದ. ಏದುಸಿರು ಬಿಡುತ್ತ ಬಂದು ಪೊರಕೆ ಎತ್ತಿದಳು. ಹೊನ್ನಿ ಅಡ್ಡ ಬಂದಳು. ಎಷ್ಟೋ ದಿನಕ್ಕೆ ನಗುತ್ತಿದ್ದಳು.

"ಹೊಡೀಬೇಡವ್ವಾ! ಹೆತ್ತ ನನಗೇ ಗೊತ್ತಿಲ್ಲ, ಆ ದೂತ ಬಂದರೆ ಯಾರನ್ನ ಅಂತ ಕರೀತಾನೆ?"

ಪೊರಕೆ ಮೆಲ್ಲಗೆ ಕೆಳಗಿಳಿಯಿತು. "ಹಾಗಾದ್ರೆ ನಮಗೆ ತಿಳಿಯೋದು ಯಾವಾಗಲೋ?"

"ಅವನಿಗೆ ಮಾತು ಬರ್ಲವ್ವಾ, ಅವನೇ ಹೇಳ್ತಾನೆ" ಅಂದ ಗೊಯ್ದ. ತೊಟ್ಟಿಲಿಗೆ ಬಗ್ಗಿ ಕೂಸಿನ ಬಾಯಿಗೆ ಕಿವಿ ಹಚ್ಚಿ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. "ಶ್! ಈಗ ಹೇಳ್ತಾನೆ!"