ಗೊರವಂಕ ತಂದ ಮದ್ದು

ಅತ್ತಿಮರದ ಪೊಟರೆಯಲ್ಲಿ ಅಳಿಲಿನ ಮರಿ ಜ್ವರದಿಂದ ಸುಡುತ್ತಿತ್ತು. ತಾಯಿ ಅಳಿಲು ಕೆರೆಯ ಆಮೆ ವೈದ್ಯರಿಗೆ ಹೇಳಿಕಳಿಸಿ ಕಾದು ಕುಳಿತಿತ್ತು. ಅಷ್ಟರಲ್ಲಿ ಕಾಡಿಗೆಲ್ಲ ಸುದ್ದಿ ಮುಟ್ಟಿಸುವ ಗೊರವಂಕ ಹಾರಿಬಂದು, "ವೈದ್ಯರ ಅಪ್ಪಣೆಯಾಗಿದೆ. ಮರಿಗೆ ಕಹಿಬೇರಿನ ರಸ ಕುಡಿಸಬೇಕಂತೆ" ಎಂದಿತು.

"ಯಾವ ವೈದ್ಯರು? ಯಾರ ಮರಿಗೆ?"

"ವೈದ್ಯರೆಂದರೆ ವೈದ್ಯರು. ಜ್ವರದ ಮರಿ ಇಲ್ಲೇ ಇದೆಯಲ್ಲ ತಾಯಿ, ತಡಮಾಡಬೇಡ!"

ಮರಿ ನರಳಿತು. ಆದರೂ ತಾಯಿ, "ಯಾರು ಹೇಳಿದರು, ಯಾರಿಗೆ ಹೇಳಿದರು ಎಂದು ತಿಳಿಯದೆ ಒಂದು ಹನಿಯನ್ನೂ ಕುಡಿಸಲಾರೆ. ದಯವಿಟ್ಟು ಕೇಳಿಕೊಂಡು ಬಾ" ಎಂದಿತು.

ಗೊಣಗುತ್ತ ಹೋದ ಗೊರವಂಕ ಏದುಸಿರು ಬಿಡುತ್ತ ಮರಳಿತು.

"ತಪ್ಪಾಯಿತು ತಾಯಿ. ಅದು ಗುಡ್ಡದ ಕರಡಿ ವೈದ್ಯರು ಆನೆಮರಿಗೆ ಹೇಳಿದ ಮದ್ದು. ನಿನ್ನ ಮರಿ ಕುಡಿದಿದ್ದರೆ ಉಳಿಯುತ್ತಿರಲಿಲ್ಲ. ಈಗ ಕೇಳು: ಕೆರೆಯ ಆಮೆ ವೈದ್ಯರಿಂದ, ಅತ್ತಿಮರದ ಅಳಿಲಿನ ಮರಿಗೆ, ತುಳಸಿರಸ ಎರಡು ಹನಿ."

ಹೇಳಿದ್ದೇ ತಡ, ಅದು ಆನೆಗಳ ಕಡೆಗೆ ಹಾರಿತು. ಅಲ್ಲಿಯೂ ಒಂದು ತಾಯಿಜೀವ ಕಾಯುತ್ತಿತ್ತು.

ಸಂಜೆಯ ಹೊತ್ತಿಗೆ ಮರಿಯ ಮೈ ಬೆವರಿ ಜ್ವರ ಇಳಿಯಿತು. ಅದು ಕಣ್ಣು ತೆರೆದು, "ಅಮ್ಮಾ, ಹಸಿವು" ಎಂದಿತು. ಅಷ್ಟು ಹೊತ್ತು ಗಟ್ಟಿಯಾಗಿದ್ದ ತಾಯಿ ಆಗ ಮರಿಯನ್ನು ಅವಚಿಕೊಂಡು ಅತ್ತುಬಿಟ್ಟಿತು.