ಏರಿಯ ಬೆವರು

ನಾನು ಪುಸ್ತಕ ಬಿಸಾಕಿ ಮೊದಲ ಸಲ ಊರಿನಿಂದ ಕಾಲ್ತೆಗೆದದ್ದು ಮಹಾನವಮಿಯ ಮಾರನೆಯ ದಿನ. ಮಧ್ಯಾಹ್ನ ಒಂದು ಪುಟ್ಟ ಕೆರೆಯ ಏರಿ ಕೆಳಗೆ ಚೀಲ ಬಿಚ್ಚಿಕೊಂಡು ಕೂತಿದ್ದಾಗ ಕಂಡದ್ದಿದು.

ಕೆರೆ ತುಂಬಿತ್ತು. ಏರಿಯೊಳಗೆ ಒಂದು ಏಡಿ ಬಿಲ ತೋಡಿಕೊಂಡು ಸುಖವಾಗಿತ್ತು.

"ಏರಿಯಪ್ಪನವರೇ, ನಿಮ್ಮಷ್ಟು ಗಟ್ಟಿಗರನ್ನು ನಾನು ಕಂಡೇ ಇಲ್ಲ," ಎಂದಿತು ಏಡಿ.

"ನಿನ್ನಂಥ ಮರ್ಯಾದಸ್ಥ ಒಕ್ಕಲು ಸಿಕ್ಕಿದ್ದೂ ನನ್ನ ಪುಣ್ಯ. ಆ ಎಮ್ಮೆಯೂ ಇದೆ, ದಿನಾ ಬೆನ್ನು ತುಳಿಯುತ್ತೆ! ಅದಿರಲಿ, ನನ್ನ ಬುಡದಲ್ಲೇನೋ ಒದ್ದೆಯಾಗ್ತಿದೆಯಲ್ಲ?"

"ಬೆವರು ಸ್ವಾಮಿ. ಇಷ್ಟು ನೀರು ಹೊತ್ತವರಿಗೆ ಬೆವರೂ ಬರಬಾರದೇ?"

ಅಷ್ಟರಲ್ಲಿ ಎಮ್ಮೆ ಬಂತು. ಬುಡದ ಒದ್ದೆಯನ್ನು ನೆಕ್ಕಿ ನೋಡಿತು.

"ಬೆವರು ಉಪ್ಪಗಿರುತ್ತೆ ಕಣಯ್ಯಾ, ಇದು ಕೆರೆ ನೀರು. ಇನ್ನೊಂದು ಮಳೆ ಬಿದ್ದರೆ ನೀನೂ ಇಲ್ಲ, ಕೆಳಗಿನ ಗದ್ದೆಯೂ ಇಲ್ಲ!"

ಹಾಗೆಂದು ಏರಿ ಹತ್ತಿ ಬಿಲದ ಮೇಲೆ ಧಪಧಪ ತುಳಿಯತೊಡಗಿತು.

"ಅಯ್ಯೋ, ಮೆಲ್ಲಗೆ ಕಣಮ್ಮಾ! ಈ ಏಡಿಯನ್ನು ನೋಡಿ ಕಲಿ, ಹೆಜ್ಜೆ ಇಟ್ಟದ್ದೇ ಗೊತ್ತಾಗಲ್ಲ."

"ಗೊತ್ತಾಗದ ಹಾಗೆ ನಡೆದೇ ನಿನ್ನ ಹೊಟ್ಟೆ ತೋಡಿದ್ದು. ಸುಮ್ಮನೆ ಬಿದ್ದುಕೋ!"

ಬಿಲ ಕುಸಿದು ಮುಚ್ಚಿತು. ಏಡಿ ಹೊರಗೋಡಿತು. ಬುಡದ ಜಿನುಗು ನಿಂತಾಗ ಏರಿ ಎಮ್ಮೆಗೆ ಮೆತ್ತಗೆ ಹೇಳಿತು, "ನಾಳೆ ನಿನ್ನ ಅಕ್ಕತಂಗಿಯರನ್ನೂ ಕರಕೊಂಡು ಬಾರವ್ವಾ."

ಏಡಿ ಅಡ್ಡಡ್ಡ ನಡೆಯುತ್ತ ನೇರ ನನ್ನ ಬಳಿ ಬಂತು. "ಅಣ್ಣಾ, ಇಷ್ಟು ಗಟ್ಟಿ ಚೀಲವನ್ನು ನಾನು ಕಂಡೇ ಇಲ್ಲ!"

ನಾನು ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿ ಹೊರಟೆ.