ಮುಖ್ಯಸ್ಥರ ಬಾಗಿಲಲ್ಲಿ ಬಿಪಿ

ನರ್ಸ್ ದಾಕ್ಷಾಯಿಣಿಗೆ ಪಿಎಚ್.ಡಿ. ಫೆಲೋಶಿಪ್ ಬೇಕಿತ್ತು. ಗಂಟೆಗಟ್ಟಲೆ ಕಾಯಿಸಿದರೆ ರೋಗಿಯ ಆರೋಗ್ಯ ಏನಾಗುತ್ತದೆ ಎಂಬುದೇ ಅವಳ ಸಂಶೋಧನೆಯ ವಿಷಯ. ಅರ್ಜಿಗೆ ವಿಭಾಗದ ಮುಖ್ಯಸ್ಥ ವಿರೂಪಾಕ್ಷಯ್ಯನವರ ಸಹಿಯೊಂದು ಬಾಕಿ. ರಾತ್ರಿಪಾಳಿ ಮುಗಿಸಿ, ಕಣ್ಣುಜ್ಜಿಕೊಳ್ಳುತ್ತಾ ಬಂದಾಗಲೆಲ್ಲ ಅವರದು ಒಂದೇ ಮಾತು: "ನಾಳೆ ಬನ್ನಿ." ಅರ್ಜಿಯ ಕೊನೆಯ ದಿನ ಹೊಸದೊಂದು ತಗಾದೆ ತೆಗೆದರು. "ಮೊದಲು ಸಣ್ಣದೊಂದು ಪ್ರಯೋಗ ಮಾಡಿ ತೋರಿಸಮ್ಮ. ಸುಮ್ಮನೆ ಸಹಿ ಹಾಕೋಕೆ ನಾನೇನು ರಬ್ಬರ್ ಸ್ಟಾಂಪಾ?"

ದಾಕ್ಷಾಯಿಣಿ ಚೀಲದಿಂದ ಬಿಪಿ ಯಂತ್ರ ತೆಗೆದು, ಹೊರಗೆ ಬೆಂಚಿನ ಮೇಲೆ ಮುಖ್ಯಸ್ಥರಿಗಾಗಿ ಕಾದು ಕೂತವರ ತೋಳಿಗೆಲ್ಲ ಪಟ್ಟಿ ಸುತ್ತಿದಳು. ಒಳಗೆ ಹೋಗುವ ಮುಂಚೆ ಒಂದು ಸಲ, "ನಾಳೆ ಬನ್ನಿ" ಅನ್ನಿಸಿಕೊಂಡು ಬಂದ ಮೇಲೆ ಇನ್ನೊಂದು ಸಲ.

ಸಂಜೆ ಒಳಗೆ ಹೋಗಿ ಹೇಳಿದಳು, "ಪ್ರಯೋಗ ಮುಗೀತು ಸರ್. ಎಲ್ಲರ ಬಿಪಿಯೂ ಏರಿದೆ. ಪ್ರಯೋಗ ನಡೆದ ಜಾಗ ಅಂತ ನಿಮ್ಮ ಬಾಗಿಲನ್ನೇ ಬರೀಲಾ?"

ಅವರು ಪೆನ್ನಿಗೆ ತಡಕಾಡಿ ಸಹಿ ಹಾಕಿದರು. ಆಮೇಲೆ ಬೆವರು ಒರೆಸಿಕೊಂಡು ತೋಳು ಚಾಚಿದರು. "ನಂದೂ ಒಂದ್ಸಲ ನೋಡಿಬಿಡಮ್ಮ."

ಅವಳು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಆಕಳಿಸುತ್ತಾ ಹೊರಟಳು.

"ನಾಳೆ ಬನ್ನಿ ಸರ್."